ಕೈಲೆಕ್ಕದಲ್ಲಿ 1.5, ಸಾಫ್ಟ್‌ವೇರ್‌ನಲ್ಲಿ 1.6: ಯಾವುದಕ್ಕೆ ಸಹಿ ಹಾಕಲಿ?

ದುರ್ಗದ_ನೀರು · ಸೋಮವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಲ್ಲಿ ನೀರು ಪರೀಕ್ಷೆ ಮಾಡುವ ಒಂದು ಚಿಕ್ಕ ಖಾಸಗಿ ಲ್ಯಾಬ್‌ನಲ್ಲಿ ಮೂರು ವರ್ಷದಿಂದ ಕೆಲಸ ಮಾಡ್ತಿದೀನಿ. ಶುಕ್ರವಾರದಿಂದ ಒಂದು ವಿಷಯ ತಲೆ ತಿಂತಿದೆ, ಗೊತ್ತಿರೋರು ದಾರಿ ಹೇಳಿ.

ನಮ್ಮಲ್ಲಿ ಪ್ರತಿ ರಿಸಲ್ಟನ್ನೂ ಎರಡು ಸಲ ಲೆಕ್ಕ ಹಾಕ್ತೀವಿ. ಮೊದಲು ಕ್ಯಾಲ್ಕುಲೇಟರ್ ಹಿಡಿದು ರಿಜಿಸ್ಟರ್‌ನಲ್ಲಿ ಕೈಲೆಕ್ಕ. ಆಮೇಲೆ ಅದೇ ರೀಡಿಂಗ್‌ಗಳನ್ನು ಸಾಫ್ಟ್‌ವೇರ್‌ಗೆ ಹಾಕಿದರೆ ಅದು ತನ್ನ ಲೆಕ್ಕ ಮಾಡಿ ರಿಪೋರ್ಟ್ ತೆಗೆಯುತ್ತೆ. ಈ ಸಾಫ್ಟ್‌ವೇರ್ ಬಂದು ಎರಡೇ ತಿಂಗಳು. ಎರಡೂ ಹೊಂದಿದರೆ ಸಹಿ, ಇಲ್ಲಾಂದ್ರೆ ಪ್ರಿಂಟ್ ಇಲ್ಲ. ಇಷ್ಟು ದಿನ ಎರಡನೇ ದಶಮಾಂಶ ಒಂದೋ ಎರಡೋ ಆಚೀಚೆ ಆಗ್ತಿತ್ತು. "ರೌಂಡಿಂಗ್ ಕಣಮ್ಮ, ಬಿಡು" ಅಂತ ಬಿಟ್ಟುಬಿಡ್ತಿದ್ವಿ.

ಶುಕ್ರವಾರ ಮೊಳಕಾಲ್ಮೂರು ಕಡೆಯ ಒಂದು ಬೋರ್‌ವೆಲ್ ನೀರು ಬಂತು. ಫ್ಲೋರೈಡ್ ಕೇಳಿದ್ರು. ಕೈಲೆಕ್ಕದಲ್ಲಿ 1.52 ಬಂತು, ರಿಪೋರ್ಟಿಗೆ 1.5. ಸಾಫ್ಟ್‌ವೇರ್‌ನಲ್ಲಿ 1.55 ಬಂತು, ರಿಪೋರ್ಟಿಗೆ 1.6. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಬೇರೆ ನೀರಿನ ಮೂಲ ಇಲ್ಲದ ಕಡೆ ಒಪ್ಪಬಹುದಾದ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅಂದ್ರೆ ನನ್ನ ರಿಜಿಸ್ಟರ್‌ನಲ್ಲಿ ಪಾಸ್, ಕಂಪ್ಯೂಟರ್‌ನಲ್ಲಿ ಫೇಲ್. ಇರೋದು ಒಂದೇ ಬಾಟಲಿ ನೀರು!

ನಮ್ಮ ಸೀನಿಯರ್ ಸರ್ "ಅದರ ರೌಂಡಿಂಗ್ ಸೆಟ್ಟಿಂಗ್ ತಪ್ಪೈತೆ, ಕಂಪನಿಯೋರಿಗೆ ಫೋನ್ ಮಾಡು" ಅಂತಾರೆ. ಮಾಲೀಕರು "ಇದೇನ್ ದೊಡ್ಡ ವಿಷಯ, ರಿಜಿಸ್ಟರ್‌ನಲ್ಲಿ ಅದಕ್ಕೆ ಹೊಂದೋ ಹಾಗೆ ಬರ್ಕೊ" ಅಂತಾರೆ. ಎರಡೂ ಮಾಡದೆ ಕೂತಿದೀನಿ. ಬುಧವಾರ ಪಂಚಾಯ್ತಿಯವರು ರಿಪೋರ್ಟ್ ಒಯ್ಯೋಕೆ ಬರ್ತಾರೆ.

ಬಯಲು_ಸೀಮೆ · 9:20

ಕಂಪ್ಯೂಟರ್ ತಪ್ಪು ಮಾಡಲ್ಲ ಮೇಡಂ. ನಿಮ್ಮ ಕ್ಯಾಲ್ಕುಲೇಟರ್‌ಗೆ ಹೊಸ ಸೆಲ್ ಹಾಕಿ ನೋಡಿ 😀

ಗಣಿತದ_ಮೇಷ್ಟ್ರು · 9:41

ಸೆಲ್ ಹಾಕಿದ್ರೆ ಲೆಕ್ಕ ಬದಲಾಗೋ ಹಾಗಿದ್ರೆ ನಮ್ಮ ಹುಡುಗರೆಲ್ಲ ಪಾಸ್ ಆಗ್ತಿದ್ರು.

ತಂಗಿ, ಮೊದಲು ರೌಂಡಿಂಗ್ ಮೇಲಿನ ಅನುಮಾನ ನೋಡೋಣ. ಸ್ಕೂಲಲ್ಲಿ ನಾವು ಕಲಿಸೋದು ಒಂದೇ: 5 ಬಂದ್ರೆ ಮೇಲಕ್ಕೆ ಹತ್ತಿಸು. ನಿಮ್ಮ ಲ್ಯಾಬ್‌ಗೆ ಅನ್ವಯ ಆಗೋದು ಐಎಸ್ 2. ಭಾರತೀಯ ಮಾನಕಗಳಲ್ಲಿ ಮೊದಲನೇ ನಂಬರು ಐಎಸ್ 1 ರಾಷ್ಟ್ರಧ್ವಜದ್ದು, ಎರಡನೇ ನಂಬರು ಈ ರೌಂಡ್ ಆಫ್ ಮಾಡೋ ನಿಯಮದ್ದು. ಬಾವುಟ ಆದ ತಕ್ಷಣ ದಶಮಾಂಶ! ನೀನು ಹೇಳಿದ 10500 ಕೂಡ ರೌಂಡಿಂಗ್ ವಿಷಯಕ್ಕೆ ಬಂದಾಗ ಐಎಸ್ 2:1960 ಕಡೆಗೇ ಬೆರಳು ತೋರಿಸುತ್ತೆ.

ಅದರ ಪ್ರಕಾರ, ಬಿಡೋ ಅಂಕಿ ಸರಿಯಾಗಿ 5 ಆಗಿದ್ದು ಅದರ ಹಿಂದೆ ಬೇರೇನೂ ಇಲ್ಲದಿದ್ರೆ, ಉಳಿಯೋ ಕೊನೆ ಅಂಕಿ ಸಮಸಂಖ್ಯೆ ಆಗಬೇಕು. 1.45 ಇದ್ರೆ 1.4. 1.55 ಇದ್ರೆ 1.6. ಪ್ರತಿ ಸಲವೂ 5 ಅನ್ನು ಮೇಲಕ್ಕೇ ತಳ್ಳಿದ್ರೆ ನೂರಾರು ರಿಸಲ್ಟಿನ ಸರಾಸರಿ ಒಂದೇ ಕಡೆ ಉಬ್ಬುತ್ತೆ, ಹೀಗೆ ಮಾಡಿದ್ರೆ ಅರ್ಧ ಮೇಲೆ ಅರ್ಧ ಕೆಳಗೆ ಹೋಗಿ ಸಮ ಆಗುತ್ತೆ.

ಆದ್ರೆ ನಿನ್ನ 1.55 ಸ್ಕೂಲ್ ನಿಯಮದಲ್ಲೂ 1.6, ಐಎಸ್ 2ರಲ್ಲೂ 1.6. ಹಾಗಾಗಿ ಜಗಳ ಆ ನಿಯಮದ್ದಲ್ಲ. ನನಗಿರೋ ಪ್ರಶ್ನೆ ಬೇರೆ. ಆ 1.55 ಪರದೆ ಮೇಲೆ ಕಂಡದ್ದಾ, ಒಳಗೆ ಇರೋದಾ? ಒಳಗೆ 1.549 ಇದ್ದು ಪರದೆ ಮೇಲೆ 1.55 ಕಂಡು, ಯಾರೋ ಅದನ್ನ ಮತ್ತೊಮ್ಮೆ ರೌಂಡ್ ಮಾಡಿ 1.6 ಅಂದಿದ್ರೆ ಅದು ತಪ್ಪು. 1.549 ನೇರವಾಗಿ 1.5ಕ್ಕೆ ಹೋಗಬೇಕು. ಮೆಟ್ಟಿಲು ಮೆಟ್ಟಿಲಾಗಿ ರೌಂಡ್ ಮಾಡಬಾರದು, ಒಂದೇ ಏಟಿಗೆ ಮಾಡಬೇಕು ಅಂತ ಐಎಸ್ 2 ಹೇಳುತ್ತೆ.

ಸಾಲುಕೋಡ್ · 10:05

ದಾವಣಗೆರೆಯಿಂದ. ಲ್ಯಾಬ್ ಕೆಲಸ ಗೊತ್ತಿಲ್ಲ, ಬಿಲ್ಲಿಂಗ್ ಸಾಫ್ಟ್‌ವೇರ್ ಬರೀತೀನಿ, ಅದರಲ್ಲೂ ಇದೇ ಕಾಟ.

"ಕಂಪ್ಯೂಟರ್ ತಪ್ಪು ಮಾಡಲ್ಲ" ಅನ್ನೋರಿಗೆ ಒಂದು ಆಟ. ಎಕ್ಸೆಲ್ ಶೀಟಿನ ಸೆಲ್‌ನಲ್ಲಿ ರೌಂಡ್ ಫಂಕ್ಷನ್‌ಗೆ 2.5 ಕೊಟ್ಟು ಸೊನ್ನೆ ದಶಮಾಂಶ ಕೇಳಿ, 3 ಬರುತ್ತೆ. ಅದೇ ಫೈಲಿನ ಒಳಗೆ ವಿಬಿಎ ಮ್ಯಾಕ್ರೋ (ಎಕ್ಸೆಲ್ ಒಳಗೇ ಬರೆಯೋ ಚಿಕ್ಕ ಪ್ರೋಗ್ರಾಂ) ಬರೆದು ಅಲ್ಲಿನ ರೌಂಡ್‌ಗೆ ಅದೇ 2.5 ಕೊಡಿ, 2 ಬರುತ್ತೆ. ಒಂದೇ ಕಂಪನಿ, ಒಂದೇ ಫೈಲು, ಹೆಸರೂ ಒಂದೇ. ಶೀಟಿನದು ಮೇಷ್ಟ್ರು ಹೇಳಿದ ಸ್ಕೂಲ್ ನಿಯಮ, ಮ್ಯಾಕ್ರೋದ್ದು ಸಮಸಂಖ್ಯೆ ನಿಯಮ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಮೂರನೇ ಆವೃತ್ತಿಯೂ ಸಮಸಂಖ್ಯೆ ಕಡೆಗೇ.

ಇನ್ನೂ ಒಂದಿದೆ. ಪೈಥಾನ್‌ಗೆ 2.675 ಕೊಟ್ಟು ಎರಡು ದಶಮಾಂಶ ಕೇಳಿದ್ರೆ 2.67 ಅನ್ನುತ್ತೆ. ಸಮಸಂಖ್ಯೆ ನಿಯಮದ ಪ್ರಕಾರ 2.68 ಬರಬೇಕಿತ್ತು ತಾನೆ? ಕಾರಣ ಏನಪ್ಪಾ ಅಂದ್ರೆ ಕಂಪ್ಯೂಟರ್ ಎಣಿಸೋದು ಎರಡರ ಲೆಕ್ಕದಲ್ಲಿ. ನಾವು ಮೂರನೇ ಒಂದು ಭಾಗವನ್ನು 0.3333 ಅಂತ ಎಲ್ಲೋ ಒಂದು ಕಡೆ ನಿಲ್ಲಿಸೋ ಹಾಗೆ, ಅದಕ್ಕೆ 0.1 ಕೂಡ ಪೂರ್ತಿ ಬರೆಯೋಕೆ ಆಗಲ್ಲ. 2.675 ಅಂತ ನೀವು ಹೊಡೆದದ್ದು ಒಳಗೆ 2.67499999... ಅಂತ ಕೂತಿರುತ್ತೆ. ಅದರ ಮಟ್ಟಿಗೆ ಅದು ಅರ್ಧವೇ ಅಲ್ಲ, ಅರ್ಧಕ್ಕಿಂತ ಒಂದು ಕೂದಲು ಕಮ್ಮಿ. ಎಕ್ಸೆಲ್ ಅದೇ ಸಂಖ್ಯೆಗೆ 2.68 ಕೊಡುತ್ತೆ.

ನಿಮ್ಮ ಸಾಫ್ಟ್‌ವೇರ್ ಬರೆದವರು ಯಾವುದನ್ನ ಬಳಸಿದಾರೆ ಅಂತ ಕೇಳಿ. ನೂರಕ್ಕೆ ತೊಂಬತ್ತು ಪಾಲು ಅವರಿಗೂ ಗೊತ್ತಿರಲ್ಲ. ನಾನೂ ಅದೇ ಜಾತಿಯವನು, ಹಾಗಾಗಿ ಧೈರ್ಯವಾಗಿ ಹೇಳ್ತೀನಿ.

ರಕ್ತ_ಸಕ್ಕರೆ · 10:32

ನಾನು ದಾವಣಗೆರೆಯ ಒಂದು ಕ್ಲಿನಿಕಲ್ ಲ್ಯಾಬ್‌ನಲ್ಲಿ ಟೆಕ್ನಿಶಿಯನ್. ನಮ್ಮಲ್ಲಿ ಇದನ್ನ ಕಂಡುಹಿಡಿಯೋದು ರೋಗಿಗಳೇ! ಹೋದ ತಿಂಗಳು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಲಿಪಿಡ್ ರಿಪೋರ್ಟ್ ಹಿಡ್ಕೊಂಡು ವಾಪಸ್ ಬಂದ್ರು. "ನೋಡಮ್ಮ, ಒಟ್ಟು ಕೊಲೆಸ್ಟ್ರಾಲ್ 187, ಎಚ್‌ಡಿಎಲ್ 41, ಟ್ರೈಗ್ಲಿಸರೈಡ್ 163. ಐದರಿಂದ ಭಾಗಿಸಿದ್ರೆ 33. 187ರಲ್ಲಿ 41 ಕಳೆ, 33 ಕಳೆ, 113 ಬರಬೇಕು. ನೀವು ಎಲ್‌ಡಿಎಲ್ 114 ಹಾಕಿದೀರ. ಒಂದು ಎಲ್ಲಿಂದ ಬಂತು?"

ಮೆಷಿನ್‌ನಲ್ಲಿ ತೆಗೆದು ತೋರಿಸಿದೆ. ಒಳಗೆ 187.4, 40.6, 163.4 ಇತ್ತು. 163.4 ಭಾಗ 5 ಅಂದ್ರೆ 32.68. ಕಳೆದಾಗ 114.12. ಪ್ರಿಂಟ್‌ನಲ್ಲಿ ಎಲ್ಲವೂ ಪೂರ್ಣಾಂಕ, ಆದ್ರೆ ಲೆಕ್ಕ ನಡೆದದ್ದು ಪೂರ್ಣಾಂಕದ ಮೇಲಲ್ಲ. ಅವರು ಕನ್ನಡಕ ತೆಗೆದು ಒರೆಸ್ಕೊಂಡು "ಹಂಗಾದ್ರೆ ರಿಪೋರ್ಟಿನಲ್ಲೇ ಪಾಯಿಂಟ್ ಹಾಕಿ ಕೊಡ್ರಿ, ನಮ್ಮ ಬ್ಯಾಂಕಲ್ಲಿ ಪೈಸೆ ಬಿಟ್ರೆ ಮನೆಗೆ ಕಳಿಸ್ತಿರ್ಲಿಲ್ಲ" ಅಂದ್ರು.

1 ಮಿಲಿಗ್ರಾಂ ಎಲ್‌ಡಿಎಲ್‌ನಿಂದ ಔಷಧಿ ಬದಲಾಗಲ್ಲ. ಈ ಸೂತ್ರವೇ 1972ರ ಫ್ರೀಡ್‌ವಾಲ್ಡ್ ಅಂದಾಜು, ಟ್ರೈಗ್ಲಿಸರೈಡ್ 400 ದಾಟಿದ್ರೆ ಅದನ್ನ ಬಳಸೋ ಹಾಗೇ ಇಲ್ಲ. ಆದ್ರೆ ಅವರ ನಂಬಿಕೆ ಹೋಗೋಕೆ ಆ ಒಂದೇ ಸಾಕಾಗಿತ್ತು.

ಹಾಲಿನ_ಕ್ಯಾನು · 10:50

ನೀವೆಲ್ಲ ಮೇಲಕ್ಕೆ ಕೆಳಕ್ಕೆ ಅಂತ ಮಾತಾಡ್ತೀರ. ನಮ್ಮ ಡೈರೀಲಿ ಮೇಲಕ್ಕೆ ಅನ್ನೋದೇ ಇರ್ಲಿಲ್ಲ.

ನಮ್ಮೂರ ಸೊಸೈಟಿಗೆ ಎರಡು ಹಸು ಹಾಲು ಹಾಕ್ತೀನಿ. ಒಂದಿನ ಲ್ಯಾಕ್ಟೋಮೀಟರ್ ಡಿಗ್ರಿ 28, ಫ್ಯಾಟ್ 4.1. ಎಸ್‌ಎನ್‌ಎಫ್‌ಗೆ (ಹಾಲಲ್ಲಿ ಫ್ಯಾಟ್ ಬಿಟ್ಟು ಉಳಿದ ಗಟ್ಟಿ ಅಂಶ) ಹಳೆ ಸೆಕ್ರೆಟರಿ ಗೋಡೆ ಮೇಲೆ ಬರೆಸಿದ್ದ ಸೂತ್ರ: ಡಿಗ್ರಿಯನ್ನ 4ರಿಂದ ಭಾಗಿಸು, ಫ್ಯಾಟಿನ ಕಾಲು ಭಾಗ ಸೇರಿಸು, 0.44 ಸೇರಿಸು. 7, ಅದಕ್ಕೆ 1.025, ಅದಕ್ಕೆ 0.44. ಒಟ್ಟು 8.465. ಒಂದು ಪಾಯಿಂಟ್‌ಗೆ 8.5 ಆಗಬೇಕು. ಮೆಷಿನ್ ಸ್ಲಿಪ್ಪಿನಲ್ಲಿ 8.4! ಆ ಮೆಷಿನ್ ರೌಂಡ್ ಮಾಡ್ತಿರ್ಲಿಲ್ಲ, ಕತ್ತರಿಸ್ತಿತ್ತು. 8.49 ಇದ್ರೂ 8.4. 8.5ರ ಗೆರೆ ಮೇಲಿದ್ರೆ ಒಂದು ರೇಟು, ಕೆಳಗಿದ್ರೆ ಇನ್ನೊಂದು. ದಿನಾ ಬೆಳಗ್ಗೆ ಸಂಜೆ. ನಮ್ಮ ಮಗ ಪಿಯುಸಿ ಓದೋನು ಸ್ಲಿಪ್ಪುಗಳನ್ನ ಒಂದು ವಾರ ಕೂಡಿಟ್ಟು ಲೆಕ್ಕ ಹಾಕಿ ತೋರಿಸಿದ ಮೇಲೆ ಸರಿ ಮಾಡಿಸಿದ್ರು. (ಸೂತ್ರ ಒಂದೊಂದು ಕಡೆ ಒಂದೊಂದು ಥರ ಇರ್ತದೆ, ನಮ್ಮದನ್ನ ಹಿಡ್ಕೊಂಡು ನಿಮ್ಮ ಡೈರೀಲಿ ಜಗಳ ಮಾಡ್ಬೇಡಿ.)

ಸಾಲುಕೋಡ್ · 10:58

ಅಣ್ಣ, ನಿಮ್ಮ ಮಗನಿಗೆ ಒಂದು ಸಲಾಂ. ಇದೇ ಕತ್ತರಿಸೋ ಕೆಲಸದಿಂದ ಕೆನಡಾದ ವ್ಯಾಂಕೂವರ್ ಷೇರುಪೇಟೆ ಮಾನ ಕಳ್ಕೊಂಡಿತ್ತು. 1982ರಲ್ಲಿ 1000ದಿಂದ ಸೂಚ್ಯಂಕ ಶುರು ಮಾಡಿದ್ರು, ಪ್ರತಿ ವಹಿವಾಟಿಗೂ ಮೂರನೇ ದಶಮಾಂಶದ ಆಚೆಗಿನದನ್ನ ಕತ್ತರಿಸ್ತಾ ಹೋದ್ರು. 1983ರ ನವೆಂಬರ್ ಹೊತ್ತಿಗೆ ಅದು 524ರ ಹತ್ತಿರ ಇಳಿದಿತ್ತು. ಸರಿಯಾಗಿ ಲೆಕ್ಕ ಮಾಡಿದಾಗ 1098 ದಾಟಿತು. ಅಲ್ಲೂ ನಿಮ್ಮ 8.4ರ ಕಥೆಯೇ.

ಹಳೆ_ಬ್ಯೂರೆಟ್ · 11:15

ಮೂವತ್ತು ವರ್ಷ ನೀರು, ಗೊಬ್ಬರ, ಸಿಮೆಂಟು ಎಲ್ಲ ಪರೀಕ್ಷೆ ಮಾಡಿ ಈಗ ಮನೇಲಿದೀನಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ ಮಗಳೇ. ರಿಜಿಸ್ಟರ್‌ನ ಅಂಕಿಯನ್ನ ಸಾಫ್ಟ್‌ವೇರ್‌ಗೆ ಹೊಂದೋ ಹಾಗೆ ತಿದ್ದಬೇಡ. ಮಾಲೀಕರು ಹೇಳಿದ್ರೂ ಬೇಡ. ತಪ್ಪು ಇದ್ರೆ ಒಂದೇ ಗೆರೆ ಎಳಿ, ಹಳೇ ಅಂಕಿ ಓದೋಕೆ ಬರೋ ಹಾಗಿರ್ಲಿ, ಪಕ್ಕದಲ್ಲಿ ಸರಿಯಾದ್ದು, ಕಾರಣ, ನಿನ್ನ ಚಿಕ್ಕ ಸಹಿ, ತಾರೀಖು. ವೈಟ್ನರ್ ಮುಟ್ಟಬೇಡ. ಎರಡು ಲೆಕ್ಕ ಇಡೋದೇ ಒಂದು ಇನ್ನೊಂದನ್ನ ಹಿಡೀಲಿ ಅಂತ. ಒಂದನ್ನ ನೋಡಿ ಇನ್ನೊಂದನ್ನ ಬರೆದ್ರೆ ಎರಡು ಯಾಕೆ ಬೇಕು?

ಇನ್ನು ಲೆಕ್ಕ. ನನ್ನ ಕಾಲದಲ್ಲಿ ನೀರಿನ ಗಡಸುತನದ ಟೈಟ್ರೇಶನ್ (ಬ್ಯೂರೆಟ್ ಕೊಳವೆಯಿಂದ ಹನಿ ಹನಿ ದ್ರಾವಣ ಬಿಟ್ಟು ಅಳೆಯೋದು) ಮಾಡುವಾಗ ಒಬ್ಬ ಹುಡುಗ ಇದ್ದ, ಬಹಳ ಶಿಸ್ತು. ಎರಡು ರೀಡಿಂಗ್ 12.2, 12.3. ಸರಾಸರಿ 12.25. ಬ್ಯೂರೆಟ್ ಗೆರೆ 0.1ರದ್ದು ಅಂತ ಅವನು ಅದನ್ನ ಐಎಸ್ 2 ಪ್ರಕಾರ 12.2 ಮಾಡಿ, 20ರಿಂದ ಗುಣಿಸಿ 244 ಬರೆದ. ಪಕ್ಕದವನು ಸ್ಕೂಲ್ ನಿಯಮದಲ್ಲಿ 12.3 ಮಾಡಿ 246 ಬರೆದ. ಇಬ್ಬರೂ ನಿಯಮ ಪಾಲಿಸಿದೋರೇ, ಇಬ್ಬರದ್ದೂ ತಪ್ಪು. ಮಧ್ಯದಲ್ಲಿ ಕೈ ಹಾಕದೆ 12.25ನ್ನೇ ಗುಣಿಸಿದ್ರೆ 245.

ಅದಕ್ಕೇ ನಿನ್ನ 1.52, 1.55 ನನಗೆ ಬೇಡ. ಅಬ್ಸಾರ್ಬೆನ್ಸ್ (ದ್ರಾವಣ ಹೀರಿದ ಬೆಳಕಿನ ಅಳತೆ) ಎಷ್ಟು, ಗ್ರಾಫ್ ಗೆರೆಯ ಸ್ಲೋಪ್ (ಇಳಿಜಾರು) ಎಷ್ಟು, ಇಂಟರ್‌ಸೆಪ್ಟ್ (ಫ್ಲೋರೈಡ್ ಸೊನ್ನೆ ಇದ್ದಾಗ ಗೆರೆ ಶುರುವಾಗೋ ಅಂಕಿ) ಎಷ್ಟು, ಯಾವ ವಿಧಾನ, ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರೋ ದ್ರಾವಣ) ಎಲ್ಲಿಂದ ಎಲ್ಲೀವರೆಗೆ, ಅದನ್ನ ಹಾಕು.

ದುರ್ಗದ_ನೀರು · ಮಂಗಳವಾರ ಬೆಳಗ್ಗೆ 8:03

ಲ್ಯಾಬಿಗೆ ಬಂದ ಕೂಡಲೇ ಬರೀತಿದೀನಿ ಸರ್.

ಸ್ಪ್ಯಾಡ್ನ್ಸ್ ವಿಧಾನ (ಫ್ಲೋರೈಡ್ ಹೆಚ್ಚಿದಷ್ಟೂ ಬಣ್ಣ ತೆಳುವಾಗುತ್ತೆ), ಬೆಳಕು 570 ನ್ಯಾನೋಮೀಟರ್. ಸ್ಟ್ಯಾಂಡರ್ಡ್‌ಗಳು ಸೊನ್ನೆಯಿಂದ 1.4ರ ತನಕ. ಸ್ಯಾಂಪಲ್ ಅಬ್ಸಾರ್ಬೆನ್ಸ್ 0.592.

ಕೈಲೆಕ್ಕಕ್ಕೆ ನಮ್ಮ ಹಳೆ ಎಕ್ಸೆಲ್ ಫೈಲಿನ ಗ್ರಾಫ್ ಮೇಲೆ ಬರೋ ಸಮೀಕರಣವನ್ನ ಬಳಸ್ತೀವಿ. ಅದರಲ್ಲಿ ಸ್ಲೋಪ್ ಮೈನಸ್ 0.15, ಇಂಟರ್‌ಸೆಪ್ಟ್ 0.82. ಹಾಗಾಗಿ 0.82ರಲ್ಲಿ 0.592 ಕಳೆದು 0.228, ಅದನ್ನ 0.15ರಿಂದ ಭಾಗಿಸಿ 1.52.

ಸಾಫ್ಟ್‌ವೇರ್‌ನ ಕ್ಯಾಲಿಬ್ರೇಶನ್ ಪುಟ ತೆರೆದೆ. ಅಲ್ಲಿ ಸ್ಲೋಪ್ ಮೈನಸ್ 0.14762, ಇಂಟರ್‌ಸೆಪ್ಟ್ 0.8214 ಇದೆ. ಇದನ್ನ ಟೈಪ್ ಮಾಡುವಾಗಲೇ ನನಗೆ ಏನೋ ಹೊಳೀತಿದೆ...

ಹಳೆ_ಬ್ಯೂರೆಟ್ · 8:40

ಹೊಳೆದದ್ದು ಸರಿಯಾಗೇ ಇದೆ. ಕಾಫಿ ಕುಡಿತಾ ಲೆಕ್ಕ ಮಾಡಿದೆ.

0.8214ರಲ್ಲಿ 0.592 ಹೋದ್ರೆ 0.2294. ಅದನ್ನ 0.14762ರಿಂದ ಭಾಗಿಸಿದ್ರೆ 1.554. ಮೇಷ್ಟ್ರಿಗೂ ಉತ್ತರ ಸಿಕ್ತು: ಒಳಗೆ 1.549 ಅಲ್ಲ, 1.554. ಒಂದೇ ಏಟಿಗೆ ರೌಂಡ್ ಮಾಡಿದ್ರೂ 1.6.

ಈಗ ಸ್ಲೋಪ್ ಮಾತ್ರ 0.15 ಮಾಡಿ ನೋಡು. 1.529. ಆಮೇಲೆ ಇಂಟರ್‌ಸೆಪ್ಟ್ 0.82 ಮಾಡು. 1.52. ಅಂದ್ರೆ ಇಂಟರ್‌ಸೆಪ್ಟ್ ರೌಂಡ್ ಮಾಡಿದ್ದರಿಂದ ಹೋಗಿದ್ದು 0.009, ಸ್ಲೋಪ್ ರೌಂಡ್ ಮಾಡಿದ್ದರಿಂದ ಹೋಗಿದ್ದು 0.025. ಕಳ್ಳ ಯಾರು ಅಂತ ಗೊತ್ತಾಯ್ತಲ್ಲ. ಸ್ಲೋಪ್‌ನಂಥ ಚಿಕ್ಕ ಸಂಖ್ಯೆಗೆ ಎರಡು ದಶಮಾಂಶ ಅಂದ್ರೆ ಎರಡೇ ಅಂಕಿ. ಭಾಜಕದಲ್ಲಿ ನೂರಕ್ಕೆ ಒಂದೂವರೆ ಹೆಚ್ಚಾದ್ರೆ ಉತ್ತರದಲ್ಲಿ ಅಷ್ಟೇ ಸೋರುತ್ತೆ. ರಿಪೋರ್ಟಿಗೆ ಎರಡು ಅಂಕಿ ಸಾಕು, ಮಧ್ಯದ ಲೆಕ್ಕಕ್ಕೆ ಎರಡು ಅಂಕಿ ಸಾಲದು.

ಗ್ರಾಫ್ ಮೇಲಿನ ಆ ಸಮೀಕರಣ ಬರೀ ಚೀಟಿ, ಎಕ್ಸೆಲ್ ಒಳಗಿನ ಲೆಕ್ಕ ಅಲ್ಲ. ಯಾರೋ ಅಂದಕ್ಕೆ ಅಂತ ಎರಡು ದಶಮಾಂಶ ಮಾಡಿಟ್ಟಿದಾರೆ. ಅದರ ಮೇಲೆ ಬಲಕ್ಲಿಕ್ ಮಾಡಿ ದಶಮಾಂಶ ಹೆಚ್ಚಿಸು, ನಿನ್ನ 0.14762 ಎದ್ದು ಬರುತ್ತೆ. ಇನ್ನೂ ಒಳ್ಳೇದು, ಚೀಟಿ ನೋಡಿ ಬರ್ಕೊಳ್ಳೋದೇ ಬಿಟ್ಟು ಸ್ಲೋಪ್, ಇಂಟರ್‌ಸೆಪ್ಟ್ ಫಂಕ್ಷನ್‌ಗಳನ್ನ ಸೆಲ್‌ನಲ್ಲೇ ಹಾಕು.

ಹಾಗಂತ ಸಾಫ್ಟ್‌ವೇರ್ ಗೆದ್ದಿತು ಅಂತ ಸಹಿ ಹಾಕಬೇಡ! ಅಬ್ಸಾರ್ಬೆನ್ಸ್ 0.592 ಬದಲು 0.593 ಬಂದಿದ್ರೆ? 0.2284 ಭಾಗ 0.14762. 1.547. ರಿಪೋರ್ಟಿಗೆ 1.5, ಪಾಸ್. ಕ್ಯುವೆಟ್ (ದ್ರಾವಣ ತುಂಬಿ ಮೀಟರಿಗಿಡೋ ಚಿಕ್ಕ ಪಾತ್ರೆ) ಮೇಲೆ ಬೆರಳಚ್ಚು ಇದ್ರೂ ಕೊನೆ ಅಂಕಿ ಒಂದು ಹೆಜ್ಜೆ ಆಡುತ್ತೆ. ನೀವೆಲ್ಲ ರಾತ್ರಿ ಪೂರ್ತಿ ಕಿತ್ತಾಡಿದ್ದು ಮೀಟರಿನ ಒಂದು ಮಿಟುಕಿನ ಮೇಲೆ.

ಅದಕ್ಕಿಂತ ದೊಡ್ಡದು ಇನ್ನೊಂದು. ನಿನ್ನ ಸ್ಟ್ಯಾಂಡರ್ಡ್ ಮುಗಿಯೋದು 1.4ಕ್ಕೆ. ರಿಸಲ್ಟ್ 1.55. ಸ್ಪ್ಯಾಡ್ನ್ಸ್ ವಿಧಾನದ ವ್ಯಾಪ್ತಿಯೇ 1.4ರ ತನಕ. ಗೆರೆ ಮುಗಿದ ಮೇಲೆ ಸ್ಕೇಲು ಹಿಡಿದು ಮುಂದಕ್ಕೆ ಎಳೆದು ಓದಿದ್ದೀಯ. ಸಾಫ್ಟ್‌ವೇರ್ ಕೂಡ ಅದನ್ನೇ ಮಾಡಿದೆ, ಬಾಯಿ ಬಿಟ್ಟು ಎಚ್ಚರಿಸಿಲ್ಲ. 25 ಮಿಲಿ ಸ್ಯಾಂಪಲ್‌ಗೆ ಡಿಸ್ಟಿಲ್ಡ್ ವಾಟರ್ ಸೇರಿಸಿ 50 ಮಿಲಿ ಮಾಡಿ ಓದು, ಬಂದದ್ದನ್ನ ಎರಡರಿಂದ ಗುಣಿಸು. ಮೂರು ಸಲ ಮಾಡು. ನೀರು ಉಳಿದಿದೆಯಾ?

ಗಣಿತದ_ಮೇಷ್ಟ್ರು · 8:52

ಇದಕ್ಕೆ ನಾನು ಶರಣು. ದಶಮಾಂಶ ಹಿಡ್ಕೊಂಡು ಕೂತಿದ್ದೆ, ಗೆರೆ ಎಲ್ಲಿ ಮುಗೀತು ಅಂತ ನೋಡ್ಲೇ ಇಲ್ಲ.

ಮಣ್ಣು_ಮಾದರಿ · 9:30

ಹಿರಿಯೂರು ಕಡೆ ಮಣ್ಣು ಪರೀಕ್ಷೆ ಮಾಡ್ತೀನಿ. ನಮ್ಮಲ್ಲಿ ಬೇರೆ ಥರದ ತಮಾಷೆ.

ಸಾವಯವ ಇಂಗಾಲ 0.5ಕ್ಕಿಂತ ಕಮ್ಮಿ ಇದ್ರೆ "ಕಡಿಮೆ", 0.5ರಿಂದ 0.75 "ಮಧ್ಯಮ". ಒಬ್ಬ ರೈತರ ಸ್ಯಾಂಪಲ್: ಬ್ಲ್ಯಾಂಕಿಗೂ (ಮಣ್ಣು ಹಾಕದೆ ಮಾಡಿದ್ದು) ಸ್ಯಾಂಪಲ್‌ಗೂ ಟೈಟರ್ (ಬಳಸಿದ ದ್ರಾವಣ) ವ್ಯತ್ಯಾಸ 2.55, ಆ ದ್ರಾವಣ ಎಫ್‌ಎಎಸ್ (ಫೆರಸ್ ಅಮೋನಿಯಂ ಸಲ್ಫೇಟ್) ಸಾಂದ್ರತೆ 0.5 ನಾರ್ಮಲ್, ಮಣ್ಣು 1 ಗ್ರಾಂ. ಸೂತ್ರಕ್ಕೆ ಹಾಕಿದ್ರೆ 0.3825, ಅದಕ್ಕೆ 1.3ರ ಗುಣಕ. 0.49725. ಕಾರ್ಡ್‌ನಲ್ಲಿ 0.50 ಅಂತ ಪ್ರಿಂಟ್ ಆಯ್ತು, ಪಕ್ಕದಲ್ಲಿ "ಕಡಿಮೆ" ಅಂತ ಬಂತು! ಕಾರ್ಡಿನ ಹಿಂದೆ 0.50ರಿಂದ ಮಧ್ಯಮ ಅಂತ ಅಚ್ಚಾಗಿದೆ. ರೈತರು ಕೇಳದೆ ಬಿಡ್ತಾರಾ? ಸಾಫ್ಟ್‌ವೇರ್ ಒಳಗಿನ ಸಂಖ್ಯೆ ನೋಡಿ ವರ್ಗ ಹಾಕುತ್ತೆ, ರೌಂಡ್ ಮಾಡಿದ್ದನ್ನ ಕಾಗದಕ್ಕೆ ಕೊಡುತ್ತೆ. ನಾನು ಕೈಲೆಕ್ಕದಲ್ಲಿ ಮೊದಲು ರೌಂಡ್ ಮಾಡಿ ಆಮೇಲೆ ವರ್ಗ ಹಾಕ್ತಿದ್ದೆ. ಮೊದಲು ತೂಕವೋ ಮೊದಲು ರೇಟೋ ಅನ್ನೋ ಹಾಗೆ.

ಅದರ ಮೇಲೆ, ನಾನು 1.3 ಹಾಕೋ ಕಡೆ ಸಾಫ್ಟ್‌ವೇರ್ 100 ಭಾಗ 77 ಹಾಕುತ್ತೆ, 1.2987. ಎರಡೂ ಒಂದೇ ಮೂಲದ್ದು, ಒಂದನ್ನ ಯಾರೋ ಎಂದೋ ರೌಂಡ್ ಮಾಡಿಟ್ಟಿದ್ದು.

ಗಾಣದ_ಎಣ್ಣೆ · 9:44

ಚಳ್ಳಕೆರೆ. ನಮ್ಮ ಎಣ್ಣೆ ಮಿಲ್ ಲ್ಯಾಬಲ್ಲಿ ಇದೇ ಕಥೆ. ಆಲ್ಕಲಿ ನಾರ್ಮಾಲಿಟಿ (ಸಾಂದ್ರತೆ) ಬಾಟಲಿ ಮೇಲೆ 0.1 ಅಂತ ಚೀಟಿ, ಸ್ಟ್ಯಾಂಡರ್ಡೈಸ್ ಮಾಡಿ ನೋಡಿದಾಗ ನಿಜವಾದ್ದು 0.0987. ಶೇಂಗಾ ಎಣ್ಣೆ 10.02 ಗ್ರಾಂ, ಟೈಟರ್ 7.6. 0.0987 ಹಾಕಿದ್ರೆ ಎಫ್‌ಎಫ್‌ಎ (ಎಣ್ಣೆಯಲ್ಲಿ ಬಿಡಿಯಾಗಿರೋ ಕೊಬ್ಬಿನಾಮ್ಲ) 2.11, ಚೀಟಿ ನೋಡಿ 0.1 ಹಾಕಿದ್ರೆ 2.14. ಕೊಳ್ಳೋರು ಒಂದು ಲೆಕ್ಕ, ಮಾರೋರು ಒಂದು ಲೆಕ್ಕ. ಯಾರು ಯಾವುದನ್ನ ಹಾಕ್ತಿದ್ರು ಅಂತ ನಾನು ಹೇಳಲ್ಲ 😄

ಪ್ರಾಜೆಕ್ಟ್_ಹುಡುಗಿ · 10:10

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನನ್ನ ಸ್ಟ್ಯಾಂಡರ್ಡ್ ಡೀವಿಯೇಶನ್ (ರೀಡಿಂಗ್‌ಗಳು ಎಷ್ಟು ಚದುರಿವೆ ಅನ್ನೋ ಅಳತೆ) ಕೂಡ ಎಕ್ಸೆಲ್‌ಗೆ ಹೊಂದ್ತಿಲ್ಲ. ಮೂರು ರೀಡಿಂಗ್. ಇದೂ ರೌಂಡಿಂಗಾ?

ಗಣಿತದ_ಮೇಷ್ಟ್ರು · 10:16

ಎಕ್ಸೆಲ್‌ದು ನಿನ್ನದಕ್ಕಿಂತ 1.22 ಪಟ್ಟು ಇದೆಯಾ ನೋಡಮ್ಮ. ಇದ್ರೆ ಅದು ರೌಂಡಿಂಗ್ ಅಲ್ಲ. ನೀನು ಕ್ಯಾಲ್ಕುಲೇಟರ್‌ನಲ್ಲಿ ಎನ್‌ನಿಂದ (ರೀಡಿಂಗ್‌ಗಳ ಸಂಖ್ಯೆ) ಭಾಗಿಸೋ ಬಟನ್ ಒತ್ತಿದೀಯ, ಎಕ್ಸೆಲ್ ಎನ್ ಮೈನಸ್ ಒಂದರಿಂದ ಭಾಗಿಸಿದೆ. ಸ್ಯಾಂಪಲ್‌ಗೆ ಎರಡನೆಯದೇ ಸರಿ.

ಪ್ರಾಜೆಕ್ಟ್_ಹುಡುಗಿ · 10:19

ಸರ್ 1.22 ಪಟ್ಟೇ ಇದೆ!! ಇಡೀ ಚಾಪ್ಟರ್ ಮತ್ತೆ ಮಾಡ್ಬೇಕು 😭

ಜಗಳೂರು_ಕೆರೆ · 11:02

ನಾನು ಲ್ಯಾಬಿನವನಲ್ಲ, ನೀರು ಕುಡಿಯೋನು. ಎಲ್ಲ ಓದಿದೆ. ಬೇಜಾರು ಮಾಡ್ಕೋಬೇಡ್ರಿ. 1.52 ಆಗ್ಲಿ 1.55 ಆಗ್ಲಿ, ಎರಡೂ 1.5ಕ್ಕಿಂತ ಜಾಸ್ತಿನೇ ಅಲ್ವಾ? ಅದನ್ನ 1.5 ಮಾಡಿ ಪಾಸ್ ಅನ್ನೋದು ಯಾವ ನ್ಯಾಯ? ನಮ್ಮ ಕಡೆ ಹುಡುಗರ ಹಲ್ಲಿನ ಮೇಲಿನ ಕಂದು ಗೆರೆಗೆ ರೌಂಡಿಂಗ್ ಗೊತ್ತಿಲ್ಲ. ಅದೂ ಅಲ್ದೆ ಆ ಐಎಸ್ 10500 ಪಟ್ಟೀಲಿ ಫ್ಲೋರೈಡ್‌ಗೆ ಮೊದಲನೇ ಅಂಕಿ 1.0 ಐತೆ. 1.5 ಅನ್ನೋದು ಬೇರೆ ಗತಿ ಇಲ್ಲದೋರಿಗೆ ಕೊಟ್ಟ ರಿಯಾಯಿತಿ. ರಿಯಾಯಿತಿ ಮೇಲೆ ಇನ್ನೊಂದು ರಿಯಾಯಿತಿನಾ?

ಹಳೆ_ಬ್ಯೂರೆಟ್ · 11:25

ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ, ಇದರ ಮೇಲೆ ಜಗತ್ತಿನಲ್ಲೇ ಎರಡು ಪಂಗಡ ಇದೆ. ಅಮೆರಿಕದ ಎಎಸ್‌ಟಿಎಂ ಇ29 ಅನ್ನೋ ಮಾನಕ ಎರಡನ್ನೂ ಹೆಸರಿಟ್ಟು ಬರೆದಿದೆ. ಒಂದು ನೀವು ಹೇಳೋ ಪದ್ಧತಿ: ಮಿತಿ ಅಂದ್ರೆ ಮಿತಿ, 1.5001 ಬಂದ್ರೂ ಫೇಲ್. ಇನ್ನೊಂದು: ಮಿತಿಗೆ ಎಷ್ಟು ದಶಮಾಂಶ ಇದೆಯೋ ಅಷ್ಟಕ್ಕೆ ರಿಸಲ್ಟ್ ರೌಂಡ್ ಮಾಡಿ ಆಮೇಲೆ ಹೋಲಿಸು. ಐಎಸ್ ಮಾನಕಗಳು ಎರಡನೇ ದಾರಿ ಹಿಡಿದಿವೆ. ಹಾಗಾಗಿ ಲ್ಯಾಬಿನವರು 1.54ನ್ನ 1.5 ಅಂತ ಬರೆದ್ರೆ ಅದು ಮೋಸ ಅಲ್ಲ.

ಆದ್ರೆ ನಿಮ್ಮ ಮಾತಿನ ತೂಕ ಬೇರೆ ಕಡೆ ಇದೆ, ಅದನ್ನ ಒಪ್ತೀನಿ. ಔಷಧದ ಲ್ಯಾಬ್‌ಗಳಲ್ಲೂ ಇದೇ ತಕರಾರು. ಅಮೆರಿಕದ ಔಷಧ ಮಾನಕ ಯುಎಸ್‌ಪಿ ಪ್ರಕಾರ ಮಾತ್ರೆಯಲ್ಲಿ ಔಷಧ ನೂರಕ್ಕೆ ಕನಿಷ್ಠ 98.0 ಇರಬೇಕು ಅಂದ್ರೆ 97.95 ಬಂದದ್ದು 98.0 ಆಗಿ ಪಾಸ್, 97.94 ಫೇಲ್. ಅಲ್ಲಿ 5 ಯಾವಾಗಲೂ ಮೇಲಕ್ಕೆ, ಸಮ ಬೆಸ ಇಲ್ಲ. ನಮ್ಮ ಐಎಸ್ 2 ಕಲಿತೋನು ಔಷಧ ಕಂಪನಿಗೆ ಹೋದ್ರೆ ಮೊದಲ ವಾರ ತಡವರಿಸ್ತಾನೆ. ನಿಯಮ ಯಾವುದಾದ್ರೂ ಇರ್ಲಿ, ರಿಸಲ್ಟ್ ಬರೋ ಮುಂಚೆ ಗೋಡೆ ಮೇಲೆ ಇರಬೇಕು. ರಿಸಲ್ಟ್ ನೋಡಿದ ಮೇಲೆ ನಿಯಮ ಹುಡುಕೋದು, ಅದಕ್ಕೆ ನಾನು ಒಪ್ಪಲ್ಲ.

ಆಡಿಟ್_ಫೈಲು · 12:40

ಮೇಲಿನ ಮಾತಿಗೆ ಒಂದು ಸಾಲು ಸೇರಿಸ್ತೀನಿ. ಪರೀಕ್ಷಾ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 17025ರ 2017ರ ಆವೃತ್ತಿಯಲ್ಲಿ 7.11 ನೋಡಿ, ಲೆಕ್ಕ ಮತ್ತು ಡೇಟಾ ವರ್ಗಾವಣೆಯನ್ನು ಕ್ರಮಬದ್ಧವಾಗಿ ಪರಿಶೀಲಿಸಲೇಬೇಕು ಅಂತಿದೆ. ಪಾಸ್ ಫೇಲ್ ಹೇಳೋ ಲ್ಯಾಬ್ ಯಾವ ನಿಯಮದಿಂದ ಹೇಳ್ತು ಅನ್ನೋದನ್ನ 7.8.6 ಕೇಳುತ್ತೆ. ಎಕ್ಸೆಲ್ ಕೊಂಡದ್ದು, ಹಾಗಾಗಿ ಪರೀಕ್ಷೆ ಬೇಡ ಅಂತ ಬಹಳ ಜನ ವಾದಿಸ್ತಾರೆ. ಎಕ್ಸೆಲ್‌ಗೆ ಬೇಡದಿರಬಹುದು, ಅದರೊಳಗೆ ನೀವು ಬರೆದ ಸೂತ್ರಕ್ಕೆ ಬೇಕು. ನಾನು ನೋಡೋದು ಒಂದೇ: ಗೊತ್ತಿರೋ ಹತ್ತು ರೀಡಿಂಗ್ ಕೊಟ್ಟು ಎರಡೂ ಕಡೆ ರೌಂಡ್ ಮಾಡದ ಉತ್ತರ ತೆಗೀರಿ. ಐದನೇ ಅಂಕಿ ತನಕ ಹೊಂದಿದ್ರೆ ಸರಿ. ರೌಂಡ್ ಮಾಡಿದ್ದನ್ನ ಹೋಲಿಸಿದ್ರೆ ತಪ್ಪು ಅದರೊಳಗೆ ಅಡಗಿ ಕೂತ್ಕೊಳ್ಳುತ್ತೆ.

ಸಾಲುಕೋಡ್ · 12:51

ಮತ್ತೆ ದಯವಿಟ್ಟು, ಯಾರೂ ಎಕ್ಸೆಲ್‌ನಲ್ಲಿ "ಪರದೆಯಲ್ಲಿ ಕಾಣುವಷ್ಟೇ ನಿಖರತೆ" ಅನ್ನೋ ಸೆಟ್ಟಿಂಗ್ ಆನ್ ಮಾಡಿ ಎರಡನ್ನೂ ಹೊಂದಿಸೋಕೆ ಹೋಗ್ಬೇಡಿ. ಒಳಗಿನ ಅಂಕಿಗಳನ್ನೇ ಶಾಶ್ವತವಾಗಿ ಕತ್ತರಿಸಿಬಿಡುತ್ತೆ, ಆಮೇಲೆ ಆಫ್ ಮಾಡಿದ್ರೂ ವಾಪಸ್ ಬರಲ್ಲ.

ದುರ್ಗದ_ನೀರು · ಮಂಗಳವಾರ ಸಂಜೆ 6:20

ನೀರು ಉಳಿದಿತ್ತು ಸರ್. ಮಾಡಿದೆ.

ಮೊದಲು 1.0 ಸ್ಟ್ಯಾಂಡರ್ಡ್ ಓದಿದೆ, ಅಬ್ಸಾರ್ಬೆನ್ಸ್ 0.674, ಲೆಕ್ಕಕ್ಕೆ 1.00 ಬಂತು. ಆಮೇಲೆ 25 ಮಿಲಿಯನ್ನ 50 ಮಾಡಿ ಮೂರು ಸಲ: 0.705, 0.704, 0.706. ರೌಂಡ್ ಮಾಡದೆ ಲೆಕ್ಕ ಹಾಕಿ ಎರಡರಿಂದ ಗುಣಿಸಿದಾಗ 1.577, 1.591, 1.563. ಸರಾಸರಿ 1.577. ರಿಪೋರ್ಟಿಗೆ 1.6. ಈ ಸಲ ಕೈಲೆಕ್ಕಕ್ಕೂ ಸಾಫ್ಟ್‌ವೇರ್‌ಗೂ ಮೂರನೇ ದಶಮಾಂಶದ ತನಕ ಹೊಂದಿತು. ತಮಾಷೆ ಏನಂದ್ರೆ ಸ್ಲೋಪ್ ಮಾತ್ರ ಆ ಹಾಳು 0.15 ಹಾಕಿ ನೋಡಿದ್ರೂ ಈಗ ಸರಾಸರಿ 1.6ರಿಂದ ಕೆಳಗಿಳೀತಿಲ್ಲ.

ಶುಕ್ರವಾರದ ಸಾಲಿಗೆ ಒಂದು ಗೆರೆ ಎಳೆದು "ಸ್ಲೋಪ್ ಮೊದಲೇ ರೌಂಡ್ ಮಾಡಲಾಗಿತ್ತು, ವ್ಯಾಪ್ತಿ ಮೀರಿದ ರೀಡಿಂಗ್" ಅಂತ ಬರೆದು ಸಹಿ ಹಾಕಿದೆ. ಸೀನಿಯರ್ ಸರ್ ಓದಿ ಏನೂ ಅನ್ಲಿಲ್ಲ, ಕೆಳಗೆ ತಾವೂ ಸಹಿ ಹಾಕಿದ್ರು.

ಜಗಳೂರು_ಕೆರೆ · 6:34

ತಾಯಿ, ನಿಮ್ಮಂಥೋರು ಇರ್ಬೇಕು.

ಹಳೆ_ಬ್ಯೂರೆಟ್ · 7:02

ಒಳ್ಳೆ ಕೆಲಸ. ಆದ್ರೆ ಆ ಗ್ರಾಫ್ ಚೀಟಿ ಎರಡು ದಶಮಾಂಶದ್ದು ಯಾವಾಗಿನಿಂದ ಹಾಗಿತ್ತು?

ದುರ್ಗದ_ನೀರು · ಗುರುವಾರ ರಾತ್ರಿ 8:47

ನೀವು ಇದನ್ನ ಕೇಳ್ತೀರಿ ಅಂತ ಹೆದರಿದ್ದೆ ಸರ್.

ಎಂಟು ತಿಂಗಳಿಂದ. ನಿನ್ನೆ ಪಂಚಾಯ್ತಿಯವರಿಗೆ ರಿಪೋರ್ಟ್ ಕೊಟ್ಟು ಕಳಿಸಿದ ಮೇಲೆ ಹಳೆ ರಿಜಿಸ್ಟರ್‌ಗಳನ್ನ ಇಳಿಸಿ ಕೂತೆ. ಅಬ್ಸಾರ್ಬೆನ್ಸ್ ಎಲ್ಲ ಬರೆದಿಟ್ಟಿದ್ವಿ, ಅದೊಂದು ಪುಣ್ಯ. ಮಿತಿಯ ಆಸುಪಾಸಿನ ಇಪ್ಪತ್ಮೂರು ರಿಸಲ್ಟ್ ಮತ್ತೆ ಲೆಕ್ಕ ಹಾಕಿದೆ. ಹತ್ತೊಂಬತ್ತು ಬದಲಾಗಲಿಲ್ಲ. ಒಂದು ತಿಂಗಳಲ್ಲಿ ನಿಜವಾದ ಸ್ಲೋಪ್ 0.1513 ಇತ್ತು, ಅಲ್ಲಿ 0.15 ಹಾಕಿದ್ದು ಉಲ್ಟಾ ಹೊಡೆದು ಒಂದು 1.6 ಈಗ 1.5 ಆಯ್ತು. ಮೂರು 1.5 ಇದ್ದದ್ದು 1.6 ಆದವು. ಮೂರೂ ಪಾಸ್ ಅಂತ ಹೋದ ರಿಪೋರ್ಟ್.

ಮಾಲೀಕರು "ಹಳೇದನ್ನ ಯಾಕಮ್ಮ ಕೆದಕ್ತೀಯ" ಅಂದ್ರು. ನಾಲ್ಕೂ ವ್ಯಾಪ್ತಿ ಮೀರಿದವು, ಹಳೆ ಅಂಕಿಯ ಮೇಲೆ ಹೊಸ ಲೆಕ್ಕ ಕೊಟ್ರೂ ಪ್ರಯೋಜನ ಇಲ್ಲ, ಹೊಸ ನೀರೇ ಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ದುಡ್ಡು ತಗೋಬೇಡ, ನಮ್ಮ ಖರ್ಚಲ್ಲೇ ಮಾಡು" ಅಂದ್ರು. ಸೀನಿಯರ್ ಸರ್ ಸಂಜೆ ಹೊತ್ತಿಗೆ ಎಂಟು ಬಾಟಲಿ ತೊಳೆದು ಸ್ಟ್ಯಾಂಡ್ ಮೇಲೆ ಬೋರಲು ಹಾಕಿದ್ರು.

ಎರಡು ಊರು ನಾಯಕನಹಟ್ಟಿ ದಾಟಿ ಒಳಗೆ. ಬಸ್ಸು ಮುಖ್ಯರಸ್ತೆಗೆ ಬಿಡುತ್ತೆ, ಅಲ್ಲಿಂದ ಹೇಗೆ ಹೋಗೋದು ಅಂತ ಯಾರಿಗಾದ್ರೂ ಗೊತ್ತಾ?

ಗಾಣದ_ಎಣ್ಣೆ · 8:55

ನಮ್ಮ ಭಾವ ಆ ಕಡೆ ಶೇಂಗಾ ಲೋಡಿಗೆ ಗೂಡ್ಸ್ ಆಟೋ ಓಡಿಸ್ತಾರೆ. ನಾಳೆ ಬೆಳಗ್ಗೆ ಹೋಗೋರಿದಾರೆ, ಹೇಳ್ತೀನಿ. ಬಾಟಲಿ ಗಾಜಿಂದಲ್ಲ ತಾನೆ? ರಸ್ತೆ ಬಹಳ ಕೆಟ್ಟೋಗಿದೆ.

ದುರ್ಗದ_ನೀರು · 8:57

ಇಲ್ಲಣ್ಣ, ಪ್ಲಾಸ್ಟಿಕ್ಕು. ಫ್ಲೋರೈಡ್‌ಗೆ ಗಾಜು ಆಗಲ್ಲ. ಎಷ್ಟು ಗಂಟೆಗೆ ಬರಬೇಕು?